ಹಳೆಯ ಕಾಲವನ್ನು ನಿತ್ಯ ಉಡುವುದು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಓಡಾಡುವ ಬಸ್ಸಿನಲ್ಲಿ 6 ವರ್ಷಗಳಿಂದ ಪಕ್ಕದ ಸೀಟಿನವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮನ್ಯಾಗ ಏನರ ಕಾರ್ಯ ಐತೇನ್ರೀ?" 18 ಮೊಳದ ಇಳಕಲ್ ಸೀರೆಗೆ ಕಚ್ಚೆ ಹಾಕಿ, ಮೊಣಕೈವರೆಗೆ ತೋಳಿರುವ ಖಣದ ಕುಪ್ಪಸ ತೊಟ್ಟು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ ಹೆಂಗಸು ಮದುವೆಗೋ ಮುಂಜಿವೆಗೋ ಹೊರಟಿರಬೇಕು ಎಂದು ಅವರು ತಿಳಿಯುವುದು ಸಹಜ. ಇಲ್ಲ, ಕಾಲೇಜಿಗೆ ಪಾಠ ಹೇಳಲು ಹೊರಟಿದ್ದೇನೆ ಎಂದಾಗ ಒಂದು ಗಳಿಗೆ ಸುಮ್ಮನಾಗುತ್ತಾರೆ. ಕಾರ್ಯಕ್ಕಾದರೆ ಸರಿ, ಕೆಲಸಕ್ಕೆ ಯಾಕೆ ಎಂಬುದು ಅವರು ಬಾಯಿಬಿಟ್ಟು ಕೇಳದ ಎರಡನೆಯ ಪ್ರಶ್ನೆ. ಇಷ್ಟು ವರ್ಷ ನನ್ನ ತಲೆಯಲ್ಲಿ ಕೂತಿರುವುದು ಅದೇ.

ತನಗೆ ಇಷ್ಟವಾದ ಹಿಂದಿನ ಕಾಲವೊಂದರ ಉಡುಪನ್ನು ದಿನದ ಬದುಕಿಗೆ ತಂದುಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಫ್ರಾಕು, ಟೋಪಿ, ಬೂಟುಗಳಲ್ಲೇ ಅಂಗಡಿಗೂ ಆಫೀಸಿಗೂ ಹೋಗುವವರಿದ್ದಾರೆ. ಚೀನಾದ ನಗರಗಳಲ್ಲಿ ಮಿಂಗ್ ಅರಸರ ಕಾಲದ ಅಗಲ ತೋಳಿನ ನಿಲುವಂಗಿ ತೊಟ್ಟು ಮೆಟ್ರೊ ಹತ್ತುವ ಹುಡುಗಿಯರಿದ್ದಾರೆ. ವಿಕ್ಟೋರಿಯಾ ರಾಣಿಯ ಕಾಲದ ಕಾರ್ಸೆಟ್ ಬಿಗಿದುಕೊಂಡು ಮನೆಗೆಲಸ ಮಾಡುವವರು ಅಮೆರಿಕದಲ್ಲಿದ್ದಾರೆ. ಇದು ಹುಚ್ಚು ಎನ್ನಬಹುದು, ಇಂದಿನಿಂದ ತಪ್ಪಿಸಿಕೊಳ್ಳುವ ದಾರಿ ಎನ್ನಬಹುದು, ಜನರ ಕಣ್ಣಿಗೆ ಬೀಳುವ ಆಸೆ ಎನ್ನಬಹುದು. ಮೂರೂ ಮಾತಿನಲ್ಲಿ ಒಂದಿಷ್ಟು ನಿಜ ಇದ್ದೀತು. ಆದರೆ ನನ್ನ ಅನುಭವವೂ ಓದೂ ನನ್ನನ್ನು ಬೇರೆ ಕಡೆ ತಂದು ನಿಲ್ಲಿಸಿವೆ. ಹಳೆಯ ಕಾಲದ ಬಟ್ಟೆಯನ್ನು ಹಬ್ಬಕ್ಕೊಮ್ಮೆ ಉಟ್ಟರೆ ಆ ಕಾಲದ ಬಗ್ಗೆ ನಾವು ಏನನ್ನು ಬೇಕಾದರೂ ನಂಬಬಹುದು. ನಿತ್ಯ ಉಟ್ಟರೆ ಹಾಗೆ ನಂಬಿಕೊಂಡಿರಲು ಬಟ್ಟೆಯೇ ಬಿಡುವುದಿಲ್ಲ.

ಹಳೆಯ ಉಡುಪೆಂದರೆ ದಿನದ ಬದುಕಿಗೆ ಹೊರಗಿನದು ಎಂಬ ಭಾವನೆಯೇ ಅಷ್ಟು ಗಟ್ಟಿಯಾದುದಲ್ಲ. ಧಾರವಾಡದ ಹೈಕೋರ್ಟ್ ಪೀಠದ ಮುಂದೆ ಬೆಳಿಗ್ಗೆ ಹತ್ತರ ಹೊತ್ತಿಗೆ ನಿಂತು ನೋಡಿ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಕೋಟು, ಅದರ ಮೇಲೆ ಕಪ್ಪು ಗೌನು, ಕೊರಳಲ್ಲಿ ಇಳಿಬಿಟ್ಟ ಎರಡು ಬಿಳಿ ಪಟ್ಟಿ. ಆ ಪಟ್ಟಿಗಳು 17ನೆಯ ಶತಮಾನದ ಇಂಗ್ಲೆಂಡಿನ ಗಂಡಸರು ತೊಡುತ್ತಿದ್ದ ಕಾಲರಿನ ಉಳಿಕೆ. ಕೋರ್ಟಿಗೆ ಬಂದ ಕಕ್ಷಿದಾರ ಅದನ್ನು ವೇಷ ಎಂದುಕೊಳ್ಳುವುದಿಲ್ಲ. ವಕೀಲರ ಬಟ್ಟೆ ಎನ್ನುತ್ತಾನೆ. ಘಟಿಕೋತ್ಸವದ ಗೌನಿನ ಬೇರು ಮಧ್ಯಯುಗದ ಯುರೋಪಿನ ಪಾದ್ರಿಗಳ ನಿಲುವಂಗಿಯಲ್ಲಿದೆ. ಅಂದಮೇಲೆ ಬಟ್ಟೆಯ ವಯಸ್ಸು ನಮಗೆ ಅಡ್ಡಿಯಾಗಿಲ್ಲ. ಯಾರ ಹಳೆಯ ಬಟ್ಟೆ, ಅದಕ್ಕೆ ಯಾವ ಅಧಿಕಾರದ ಮುದ್ರೆ ಇದೆ ಎಂಬುದರ ಮೇಲೆ ನಮ್ಮ ಕಣ್ಣು ಅದನ್ನು ಸಹಜವೆಂದೋ ವಿಚಿತ್ರವೆಂದೋ ವಿಂಗಡಿಸುತ್ತದೆ.

ಇದರ ಇನ್ನೊಂದು ತುದಿಯಲ್ಲಿ ಸನ್ಮಾನದ ಮೈಸೂರು ಪೇಟ ಇದೆ. ನೂರು ವರ್ಷದ ಹಿಂದೆ ಮೈಸೂರಿನ ಮೇಷ್ಟರು, ಅಮಲ್ದಾರರು, ಎಂಜಿನಿಯರರು ಪೇಟ ಸುತ್ತಿಕೊಂಡು, ಕಚ್ಚೆಪಂಚೆಯ ಮೇಲೆ ಮುಚ್ಚುಕೋಟು ತೊಟ್ಟು ದಿನವೂ ಕೆಲಸಕ್ಕೆ ಹೋಗುತ್ತಿದ್ದರು. ಈಗ ಅದೇ ಪೇಟ ಹೊಲಿದಿಟ್ಟ ಟೋಪಿಯಾಗಿದೆ. ವೇದಿಕೆಯ ಮೇಲೆ ಅತಿಥಿಯ ತಲೆಗೆ ಇಡುತ್ತಾರೆ, ಫೋಟೊ ಆದ ಕೂಡಲೇ ಅವರು ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಸುತ್ತುವ ವಿದ್ಯೆ ಬಲ್ಲವರು ಕಡಿಮೆಯಾಗಿದ್ದಾರೆ. ಕೊಡಗಿನವರ ಕುಪ್ಯ-ಚೇಲೆ ಇದಕ್ಕಿಂತ ಗಟ್ಟಿಯಾಗಿ ಉಳಿದಿದೆ, ಏಕೆಂದರೆ ಅವರು ಅದನ್ನು ತಮ್ಮ ತಮ್ಮ ಮನೆಗಳಲ್ಲಿ, ತಮ್ಮ ಮದುವೆ, ಹುತ್ತರಿಗಳಲ್ಲಿ ತಾವೇ ತೊಡುತ್ತಾರೆ. ಆದರೂ ಅದು ವಿಶೇಷ ದಿನದ ಉಡುಪೇ. ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಬರುವ ಎಥ್ನಿಕ್ ಡೇ ದಿನ ನನ್ನ ವಿದ್ಯಾರ್ಥಿನಿಯರು ಅಜ್ಜಿಯ ಇಳಕಲ್ ಉಟ್ಟು ಬರುತ್ತಾರೆ. ಚೆಂದ ಕಾಣುತ್ತಾರೆ, ನನಗೂ ಸಂತೋಷ. ಮಧ್ಯಾಹ್ನವಾಗುವ ಹೊತ್ತಿಗೆ ಸೆರಗಿಗೆ ಹತ್ತು ಪಿನ್ನು, ನಿರಿಗೆಗೆ ಆರು. ಕೂಡಲು ಆಗದು, ಮೆಟ್ಟಿಲು ಹತ್ತಲು ಆಗದು. "ಹೆಂಗ್ರೀ ಮೇಡಂ ದಿನಾ ಉಡತಿದ್ರು ಇದನ್ನ?" ಎಂದು ಕೇಳುತ್ತಾರೆ. ಪಾಪ, ಅವರು ಉಟ್ಟಿರುವುದು ಅಜ್ಜಿಯ ಸೀರೆಯನ್ನು, ಅಜ್ಜಿ ಉಡುತ್ತಿದ್ದ ರೀತಿಯಲ್ಲಲ್ಲ.

ಅಜ್ಜಿ ಉಡುತ್ತಿದ್ದ ರೀತಿಯನ್ನು ನಾನು ಕಲಿತದ್ದು ತಡವಾಗಿ, 40 ದಾಟಿದ ಮೇಲೆ, ನಮ್ಮ ಸೋದರತ್ತೆಯಿಂದ. ಲಂಗ ಇಲ್ಲ, ಲಾಡಿ ಇಲ್ಲ, ಪಿನ್ನು ಇಲ್ಲ. ಸೀರೆಯನ್ನು ಸೊಂಟಕ್ಕೆ ಸುತ್ತಿ ಮುಂದೆ ಒಂದು ಗಂಟು ಹಾಕಬೇಕು. ಮೊದಲ ವಾರ ಪ್ರತಿದಿನವೂ ಆ ಗಂಟು ಸಡಿಲಾಯಿತು. "ಉಸರು ಬಿಟ್ಟು ಕಟ್ಟು, ಉಸರು ಹಿಡಿದು ಕಟ್ಟಿದರ ಬಿಟ್ಟಾಗ ನಿಲ್ಲೂದಿಲ್ಲ" ಎಂದರು ಅತ್ತೆ. ಗಂಟಿನಾಚೆ ನಿರಿಗೆ ಹಿಡಿದು ಸಿಕ್ಕಿಸಿ, ನಿರಿಗೆಯ ನಡುವಿನ ಅಂಚನ್ನು ಕಾಲುಗಳ ನಡುವೆ ಹಾಯಿಸಿ ಹಿಂದೆ ಬೆನ್ನಹುರಿಯ ಕೊನೆಗೆ ಸಿಕ್ಕಿಸಬೇಕು. ಉಳಿದದ್ದು ಸೊಂಟ ಸುತ್ತಿ ಹೆಗಲೇರುತ್ತದೆ. ಇಡೀ 9 ಗಜ ನಿಲ್ಲುವುದು ಒಂದು ಗಂಟಿನ ಮೇಲೆ, ಒಂದು ಕಚ್ಚೆಯ ಬಿಗಿಯ ಮೇಲೆ. ಗಂಟು ಕೂತಿತೆಂದರೆ ಬಸ್ಸಿನ ಮೆಟ್ಟಿಲನ್ನು ಧಡಧಡನೆ ಹತ್ತಬಹುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬಹುದು, ಸ್ಕೂಟರಿನ ಮೇಲೆ ಗಂಡಸರ ಹಾಗೆ ಕಾಲು ಹಾಕಿ ಕೂತು ಓಡಿಸಬಹುದು. 6 ಗಜದ ಸೀರೆಯಲ್ಲಿ 20 ವರ್ಷ ನಾನು ಗಿಡ್ಡ ಹೆಜ್ಜೆ ಹಾಕಿ ನಡೆದಿದ್ದೆ. ನನ್ನ ನಿಜವಾದ ಹೆಜ್ಜೆಯ ಉದ್ದ ಎಷ್ಟೆಂದು ಗೊತ್ತಾದದ್ದು ಅಜ್ಜಿಯ ಸೀರೆಯಲ್ಲಿ.

ಇಲ್ಲಿಂದ ನನ್ನ ತಿಳಿವಳಿಕೆ ಒಂದೊಂದಾಗಿ ಬದಲಾಗತೊಡಗಿತು. ನಾವು ಸಂಪ್ರದಾಯ ಎಂದು ಕರೆಯುವ, ಲಂಗದ ಮೇಲೆ ನಿರಿಗೆ ಇಳಿಬಿಟ್ಟು ರವಿಕೆಯೊಂದಿಗೆ ಉಡುವ ಸೀರೆ ಅಂಥ ಹಳೆಯದೇನಲ್ಲ. ಸತ್ಯೇಂದ್ರನಾಥ ಟಾಗೋರರ ಪತ್ನಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯಲ್ಲಿ ಪಾರಸಿ ಹೆಂಗಸರು ಉಡುವುದನ್ನು ನೋಡಿ, ಅದಕ್ಕೆ ರವಿಕೆ, ಲಂಗ ಸೇರಿಸಿ, ಮನೆಯಿಂದ ಹೊರಗೆ ನಾಲ್ಕು ಜನರ ನಡುವೆ ಓಡಾಡಲು ಅನುಕೂಲವಾದ ಒಂದು ರೀತಿಯನ್ನು ಬಂಗಾಳಕ್ಕೆ ಒಯ್ದರು. ಇಂದಿನ ರೂಢಿ ನೆಲೆಯಾದದ್ದರಲ್ಲಿ ಅಂಥವರ ಪಾಲು ದೊಡ್ಡದು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಸೀರೆ ಉಟ್ಟ ಲಕ್ಷ್ಮೀ ಸರಸ್ವತಿಯರು ಮನೆಮನೆಯ ಗೋಡೆಗೆ ಬಂದರು. ಕಾಲದಲ್ಲಿ ಹಿಂದೆ ಹೋದಷ್ಟೂ ಬಟ್ಟೆ ಮೈಯನ್ನು ಬಿಗಿಯುತ್ತ ಹೋಗುತ್ತದೆ, ಮುಂದೆ ಬಂದಷ್ಟೂ ಬಿಡುಗಡೆ ಎಂದು ನಾನು ನಂಬಿದ್ದೆ. ಕನಿಷ್ಠ ಕಾಲಿನ ಮಟ್ಟಿಗೆ ಅದು ಸುಳ್ಳಾಯಿತು. ಪುಸ್ತಕದಲ್ಲಿ ಇದನ್ನು ಓದಿದ್ದರೆ ಒಪ್ಪುತ್ತಿದ್ದೆನೋ ಏನೋ. ಮೆಟ್ಟಿಲು ಹತ್ತಿದ್ದರಿಂದ ಒಪ್ಪಲೇಬೇಕಾಯಿತು.

ತೊಂದರೆಗಳೂ ಅಷ್ಟೇ ಕಲಿಸಿದವು. 9 ಗಜದ ಸೀರೆ ಒಗೆದು ಹಿಂಡಲು ಇಬ್ಬರು ಬೇಕು, ಒಣಹಾಕಲು ಉದ್ದನೆಯ ಹಗ್ಗ ಬೇಕು. ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಅಷ್ಟು ಜಾಗವಿಲ್ಲ. ಮೂರು ಮಡಿಕೆ ಹಾಕಿ ಒಣಹಾಕಿದರೆ ನಡುವಿನ ಪದರು ಸಂಜೆವರೆಗೂ ಹಸಿ. ಆ ಸೀರೆಗೆ ಒಂದು ಹಿತ್ತಲು ಬೇಕಾಗಿತ್ತು, ಇನ್ನೊಂದು ತುದಿ ಹಿಡಿಯುವ ನಾದಿನಿಯೋ ನೆಗೆಣ್ಣಿಯೋ ಬೇಕಾಗಿತ್ತು. ಒಬ್ಬಳೇ ಬದುಕುವ ಹೆಂಗಸಿನ ಬಟ್ಟೆ ಅದಲ್ಲ. ತುಂಬಿದ ಮನೆಯ ಸುಖವೂ ಅದರ ಕಟ್ಟೂ ಆ 18 ಮೊಳದಲ್ಲಿ ನೇಯ್ದುಕೊಂಡೇ ಬಂದಿದೆ.

ನೇಯ್ಗೆಯ ಮಾತೇ ಬಂತು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸು ಹತ್ತಿಯದಾಗಿದ್ದರೂ ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆ ಒಂದೊಂದೇ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಬೆರಳಾಡಿಸಿದರೆ ಆ ಸೇರುವೆ ಸಿಗುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಕೋಟೆಯ ತೆನೆ, ಜೋಳದ ತೆನೆ, ಬಾಚಣಿಗೆಯ ಹಲ್ಲು. ಇದನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದವಳಿಗೆ ಅದು ಚಿತ್ತಾರ. ನಿತ್ಯ ಉಟ್ಟವಳಿಗೆ ಸೆರಗಿಗೆ ಯಾಕೆ ಗಟ್ಟಿ ನೂಲು ಬೇಕಿತ್ತೆಂದು ಗೊತ್ತಾಗುತ್ತದೆ. ಬೆವರೊರೆಸಲು, ಒಲೆಯ ಮೇಲಿನ ಪಾತ್ರೆ ಹಿಡಿಯಲು, ಕೂಸನ್ನು ಮುಚ್ಚಲು, ತಲೆಗೆ ಹೊದೆಯಲು ದಿನಕ್ಕೆ ನೂರು ಸಲ ಕೈ ಹೋಗುವುದು ಅಲ್ಲಿಗೇ. ಹರಿದ ಮೇಲೂ ಆ ಸೀರೆ ಮುಗಿಯುತ್ತಿರಲಿಲ್ಲ. ತೊಟ್ಟಿಲ ಬಟ್ಟೆಯಾಗಿ, ಕೊನೆಗೆ ಕೌದಿಯ ಪದರಾಗಿ ಇನ್ನೂ ಹತ್ತಾರು ವರ್ಷ ಬಾಳುತ್ತಿತ್ತು.

ಇದೇ ಬಗೆಯ ಅರಿವು ಮಹಾಯುದ್ಧದ ಕಾಲದ ಉಡುಪು ತೊಡುವ ಇಂಗ್ಲೆಂಡಿನವರಿಗೂ ಆಗಿರಬೇಕು. ಯುದ್ಧದ ನಡುವೆ, 1941ರ ಜೂನ್ 1ರಿಂದ ಅಲ್ಲಿ ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷ ಒಬ್ಬರಿಗೆ 66 ಕೂಪನ್. ಒಂದು ಉಣ್ಣೆಯ ಫ್ರಾಕಿಗೇ 11 ಹೋಗುತ್ತಿತ್ತು. 1949ರವರೆಗೂ ಆ ಕಟ್ಟು ಸಡಿಲಲಿಲ್ಲ. ಆ ಕಾಲದ ಫ್ರಾಕಿನಲ್ಲಿ ನಿರಿಗೆ ಕಡಿಮೆ, ಗುಂಡಿ ಕಡಿಮೆ. ಹಾಗಿರುವುದು ದರ್ಜಿಯ ರುಚಿಯಿಂದಲ್ಲ, ದೇಶದ ಕೊರತೆಯಿಂದ. ಇಂದು ಆ ಫ್ರಾಕು ತೊಡುವವರು ಹರಿದದ್ದನ್ನು ಹೊಲಿದು, ಬಣ್ಣಗೆಟ್ಟದ್ದನ್ನು ತಿರುವಿ ಹಾಕಿ ಬಾಳಿಸುವುದನ್ನೂ ಕಲಿಯಬೇಕಾಗುತ್ತದೆ. ತಿಂಗಳಿಗೊಮ್ಮೆ ಬಟ್ಟೆ ಕೊಂಡು ಎಸೆಯುವ ಈ ದಿನಗಳಲ್ಲಿ ಅದನ್ನು ಪಲಾಯನ ಎನ್ನಲು ನನಗೆ ಮನಸ್ಸಾಗದು.

ಆದರೆ ಹಳೆಯ ಕಾಲವನ್ನು ಪ್ರೀತಿಸುವವರು ಎದುರಿಸಲೇಬೇಕಾದ ಮಾತು ಇನ್ನೊಂದಿದೆ, ಅದರ ಮುಂದೆ ಅನುಕೂಲ ಅನಾನುಕೂಲಗಳೆಲ್ಲ ಸಣ್ಣವು. ನಾನು ಉಡುವ ರೀತಿಗೆ ಮಾದರಿ ನಮ್ಮ ಮನೆಯಲ್ಲಿರುವ 1936ರ ಒಂದು ಫೋಟೊ. ಧಾರವಾಡದ ಮನೆಯ ಅಂಗಳದಲ್ಲಿ ಹದಿನಾಲ್ಕು ಜನ. ನಡುವೆ ಅಜ್ಜಿ, ಚಂದ್ರಕಾಳಿ ಸೀರೆ, ಮೂಗಿನಲ್ಲಿ ನತ್ತು, ಕಚ್ಚೆಯ ಅಂಚು ಪಾದದ ಮೇಲೆ ಗೆರೆ ಎಳೆದಂತೆ. ಎಷ್ಟೋ ವರ್ಷ ನಾನು ನೋಡಿದ್ದು ಅಜ್ಜಿಯನ್ನಷ್ಟೇ. ನಿತ್ಯ ಉಡಲು ಹೊರಟ ಮೇಲೆ ನಿರಿಗೆ ಎಣಿಸಲೆಂದು ಭೂತಗನ್ನಡಿ ಹಿಡಿದು ಕೂತಾಗ ಬಲಗಡೆಯ ಅಂಚಿನಲ್ಲಿ ಬಾಗಿಲಿಗೆ ಅರ್ಧ ಮರೆಯಾದ ಇನ್ನೊಬ್ಬ ಹೆಂಗಸು ಕಂಡಳು. ಬೋಳಿಸಿದ ತಲೆಯ ಮೇಲೆ ಸೆರಗು. ಕುಪ್ಪಸ ಇಲ್ಲ. ಕಪ್ಪು ಬಿಳುಪು ಫೋಟೊದಲ್ಲಿ ಬಣ್ಣ ಕಾಣದು, ಆದರೆ ಆ ಸೀರೆ ಕೆಂಪೆಂದು ನಮ್ಮ ಮನೆತನಗಳಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಅಜ್ಜಿಯ ಅಕ್ಕ. ಹನ್ನೊಂದಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆಕೆಯೂ ಅದೇ ಕಾಲದಲ್ಲಿದ್ದಳು. ಆಕೆಯ ಬಟ್ಟೆಯೂ ಆ ಕಾಲದ ಬಟ್ಟೆಯೇ. ಆ ಕಾಲವನ್ನು ನಾನು ಉಡುತ್ತೇನೆ ಎನ್ನುವಾಗ ಯಾರನ್ನು ಉಡುತ್ತಿದ್ದೇನೆ?

ಈ ಪ್ರಶ್ನೆ ಕೇಳಿಕೊಂಡ ಮೇಲೆ ಒಂದು ವಾರ ನಾನು ಕಚ್ಚೆ ಹಾಕಲಿಲ್ಲ.

ಬಟ್ಟೆ ಎಂದೂ ಬರೀ ಬಟ್ಟೆಯಾಗಿರಲಿಲ್ಲ. ಯಾರು ಎಷ್ಟು ಮೊಳ ಉಡಬೇಕು, ಎಲ್ಲಿಯವರೆಗೆ ಇಳಿಬಿಡಬೇಕು, ಮೈಯ ಯಾವ ಭಾಗ ಮುಚ್ಚಬಾರದು ಎಂಬುದು ಕಟ್ಟುನಿಟ್ಟಾಗಿತ್ತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದರು. 1859ರ ಜುಲೈ 26ರಂದು ಅಲ್ಲಿಯ ಅರಸು ಅನುಮತಿ ಕೊಟ್ಟಾಗಲೂ ಮೇಲ್ಜಾತಿಯವರ ರೀತಿಯಲ್ಲಿ ಮೇಲುಹೊದಿಕೆ ಹೊದೆಯಬಾರದೆಂಬ ಷರತ್ತಿತ್ತು. 1927ರ ಡಿಸೆಂಬರಿನಲ್ಲಿ ಮಹಾಡದ ಸಭೆಯಲ್ಲಿ ಅಂಬೇಡ್ಕರ್ ಹೆಂಗಸರನ್ನು ಕುರಿತು ವಿಶೇಷವಾಗಿ ಮಾತಾಡಿದರು. ನೋಡಿದ ಕೂಡಲೇ ಜಾತಿ ಗೊತ್ತಾಗುವ ಹಾಗೆ ಸೀರೆ ಮೇಲೆತ್ತಿ ಉಡುವುದನ್ನು, ಭಾರದ ಒಡವೆ ಹೇರಿಕೊಳ್ಳುವುದನ್ನು ಬಿಡಿ, ಉಳಿದ ಹೆಂಗಸರಂತೆ ಪಾದದವರೆಗೆ ಉಡಿ ಎಂದರು. ಅಲ್ಲಿದ್ದ ಹೆಂಗಸರು ಉಡುವ ರೀತಿಯನ್ನು ಬದಲಿಸಿಕೊಂಡರು. ಅವರ ಪಾಲಿಗೆ ಹಳೆಯ ಉಡುಪೆಂದರೆ ಹೇರಿದ ಗುರುತು. ಅದನ್ನು ಕಳಚುವುದೇ ಬಿಡುಗಡೆ. ಅಂಬೇಡ್ಕರರ ಸೂಟು ಬೂಟನ್ನು ವಿದೇಶಿ ಎಂದು ಜರೆಯುವವರಿಗೆ ಈ ಚರಿತ್ರೆ ತಿಳಿದಿರಬೇಕು. "ನಮ್ಮ ಪರಂಪರೆಯ ಉಡುಪಿಗೆ ಮರಳೋಣ" ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಮರಳಲು ಒಳ್ಳೆಯ ಉಡುಪೊಂದು ತಮ್ಮ ಹಿಂದೆ ಎಲ್ಲರಿಗೂ ಇರಲಿಲ್ಲ.

ಇಂಗ್ಲೆಂಡ್ ಅಮೆರಿಕಗಳಲ್ಲಿ ಹಳೆಯ ಕಾಲದ ಉಡುಪು ತೊಡುವ ಕಪ್ಪುಜನರ ನಡುವೆ ಒಂದು ಮಾತು ಬಳಕೆಯಲ್ಲಿದೆ: ಆ ಕಾಲದ ಶೈಲಿ ಬೇಕು, ಆ ಕಾಲದ ಮೌಲ್ಯ ಬೇಡ. ಅಜ್ಜಂದಿರ ಕಾಲದಲ್ಲಿ ಹೋಟೆಲಿನೊಳಗೆ ಬಿಡದಿದ್ದ ಸೂಟಿನಲ್ಲೇ ಮೊಮ್ಮಗ ಇಂದು ತಲೆಯೆತ್ತಿ ನಡೆಯುತ್ತಾನೆ. ಆ ಮಾತು ನನ್ನನ್ನು ಮತ್ತೆ ಕಚ್ಚೆಗೆ ಕರೆತಂದಿತು. ಹಾಗೆಂದು ಅದು ಹೇಳಿದಷ್ಟು ಸಲೀಸಲ್ಲ. ಶೈಲಿ ಒಂದು ಕಡೆ, ಮೌಲ್ಯ ಒಂದು ಕಡೆ ಎಂದು ಕತ್ತರಿಯಿಂದ ಕತ್ತರಿಸಿ ಇಡಲು ಬರುವುದಿಲ್ಲ. ಉಡುವವರೇ ದಿನವೂ ಅದನ್ನು ಬಿಡಿಸಿಕೊಳ್ಳಬೇಕು. ನಾನು ನತ್ತು ಹಾಕುವುದಿಲ್ಲ. ಶ್ರಾವಣದಲ್ಲಿ ಉಡಿ ತುಂಬುವಾಗ ವಿಧವೆಯರನ್ನು ಬಿಟ್ಟು ಮುಂದೆ ಹೋಗುವ ಮನೆಗಳಿಗೆ ಹೋಗುವುದಿಲ್ಲ. ಕೆಂಪು ಒಡಲಿನ ಒಂದು ಸಾದಾ ಸೀರೆಯನ್ನು ಹುಡುಕಿ ಕೊಂಡು ವರ್ಷಕ್ಕೊಂದು ದಿನ, ಒಳ್ಳೆಯ ಕುಪ್ಪಸದೊಂದಿಗೆ, ಹೂ ಮುಡಿದು ಉಡುತ್ತೇನೆ. ಅದು ಆ ಬಾಗಿಲ ಮರೆಯ ಹೆಂಗಸಿಗಾಗಿ. ಇಷ್ಟರಿಂದ ಆಕೆಗೆ ಏನೂ ಆಗದು, ನನಗೆ ಗೊತ್ತು. ಆದರೆ ಫೋಟೊದ ನಡುವಿನವಳನ್ನು ಮಾತ್ರ ಉಡುವ ಮನಸ್ಸು ಈಗ ಉಳಿದಿಲ್ಲ.

ಹೇರಿದ ಬಟ್ಟೆಯನ್ನೇ ತನ್ನದಾಗಿಸಿಕೊಂಡ ಜನರೂ ಇದ್ದಾರೆ, ಅವರ ಕತೆ ನನಗೆ ಎಲ್ಲಕ್ಕಿಂತ ಆಳವಾಗಿ ತಟ್ಟಿದೆ. ನಮೀಬಿಯಾದ ಹೆರೆರೊ ಹೆಂಗಸರು ಇಂದಿಗೂ 19ನೆಯ ಶತಮಾನದ ಯುರೋಪಿನ ಉದ್ದನೆಯ ಗೌನು ತೊಡುತ್ತಾರೆ. ಕೊರಳು ಮುಚ್ಚಿದ ಕಾಲರು, ಉಬ್ಬಿದ ತೋಳು, ಒಳಗೆ ಪದರು ಪದರು ಲಂಗ, ನೆಲ ಮುಟ್ಟುವ ಘೇರು. ಅರೆ ಮರುಭೂಮಿಯ ಬಿಸಿಲಿನಲ್ಲಿ ಇದು. ಈ ಉಡುಪನ್ನು ಅಲ್ಲಿಗೆ ತಂದವರು ಜರ್ಮನ್ ಮಿಷನರಿಗಳು. 1904ರಿಂದ 1908ರ ನಡುವೆ ಜರ್ಮನ್ ಸೈನ್ಯ ಹೆರೆರೊ ಜನರನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಕೊಂದಿತು, ಮರುಭೂಮಿಗೆ ಅಟ್ಟಿತು. ಅದು ನರಮೇಧವೆಂದು ಜರ್ಮನಿ ಸರ್ಕಾರವೇ 2021ರಲ್ಲಿ ಒಪ್ಪಿಕೊಂಡಿತು. ಬದುಕಿ ಉಳಿದವರು ಆ ಗೌನನ್ನು ಸುಟ್ಟುಹಾಕಬಹುದಿತ್ತು. ಅವರು ಉಳಿಸಿಕೊಂಡರು, ತಮಗೆ ಬೇಕಾದ ಬಣ್ಣದ ಬಟ್ಟೆಯಲ್ಲಿ ಹೊಲಿದುಕೊಂಡರು, ತಲೆಗೆ ಹಸುವಿನ ಕೋಡಿನಂತೆ ಎರಡೂ ಬದಿ ಚಾಚಿದ ರುಮಾಲು ಕಟ್ಟಿದರು. ದನ ಸಾಕುವ ಜನ ಅವರು; ಕೋಡು ಅವರ ಗೌರವದ ಗುರುತು. ಕೊಂದವರ ಕಾಲದ ಉಡುಪು ಸತ್ತವರ ನೆನಪಿನ ಉಡುಪಾಯಿತು. ಯಾವ ಬಟ್ಟೆಯೂ ಹುಟ್ಟಿನಿಂದಲೇ ಒಬ್ಬರದಾಗಿ ಉಳಿದುಬಿಡುವುದಿಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣದು.

ಹಾಗಿರುವಾಗ ಹಳೆಯ ಉಡುಪಿನಲ್ಲಿ ಶುದ್ಧಿಯನ್ನು ಹುಡುಕುವವರನ್ನು ಕಂಡರೆ ನನಗೆ ಭಯ. ಮಂಚು ಅರಸರು 1644ರಲ್ಲಿ ಬೀಜಿಂಗ್ ಹಿಡಿದು, ಮರುವರ್ಷ ಹಾನ್ ಗಂಡಸರು ತಮ್ಮ ಕೂದಲನ್ನೂ ಉಡುಪನ್ನೂ ಬದಲಿಸಬೇಕೆಂದು ಆಜ್ಞೆ ಮಾಡಿದ್ದರು. 2003ರ ನವೆಂಬರಿನಲ್ಲಿ ಝೆಂಗ್‌ಝೌ ನಗರದ ಒಬ್ಬ ವಿದ್ಯುತ್ ಕೆಲಸಗಾರ ಆ ಹಳೆಯ ಹಾನ್‌ಫು ಉಡುಪು ತೊಟ್ಟು ಬೀದಿಯಲ್ಲಿ ನಡೆದಾಗ ಜನ ಅವನನ್ನು ಜಪಾನಿನವನೆಂದುಕೊಂಡರು. ಒಬ್ಬ ಸಾಮಾನ್ಯ ಕೆಲಸಗಾರನ ಆ ಧೈರ್ಯ ದೊಡ್ಡದು. ಆದರೆ 2010ರಲ್ಲಿ ಚೆಂಗ್ಡುವಿನಲ್ಲಿ ಜಪಾನ್ ವಿರೋಧಿ ಮೆರವಣಿಗೆಯ ದಿನ ಹಾನ್‌ಫು ತೊಟ್ಟಿದ್ದ ಹುಡುಗಿಯ ಬಟ್ಟೆಯನ್ನು ಕಿಮೋನೊ ಎಂದು ತಿಳಿದ ಗುಂಪು ಅದನ್ನು ಬಿಚ್ಚಿಸಿ ಸುಟ್ಟಿತು. ಅದು ಕಿಮೋನೊ ಅಲ್ಲ, ನಮ್ಮದೇ ಬಟ್ಟೆ ಎಂದು ಆಮೇಲೆ ಅನೇಕರು ಮರುಗಿದರು. ಕಿಮೋನೊವೇ ಆಗಿದ್ದರೆ ಸುಡಬಹುದಿತ್ತೆ? ಕಿಮೋನೊ ಬೆಳೆದದ್ದಾದರೂ ಚೀನಾದ ಹಳೆಯ ಉಡುಪಿನ ಪ್ರಭಾವದಲ್ಲೇ.

ನಮ್ಮಲ್ಲಿ ಹಳೆಯ ವೈಭವ ಎಂದ ಕೂಡಲೇ ಬಾಯಿಗೆ ಬರುವುದು ವಿಜಯನಗರ. ಆ ಆಸ್ಥಾನದ ಗಣ್ಯರು ತೊಡುತ್ತಿದ್ದುದು ಕಬಾಯಿ ಎಂಬ ಉದ್ದನೆಯ ಅಂಗಿ, ತಲೆಗೆ ಕುಳ್ಳಾಯಿ ಎಂಬ ಎತ್ತರದ ಮೊನಚು ಟೋಪಿ. ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಕಂಚಿನ ಮೂರ್ತಿಯ ತಲೆಯ ಮೇಲೆ ಆ ಟೋಪಿ ಇದೆ. ಕಬಾಯಿ ಅರಬ್ಬೀ ಮಾತು, ಕುಳ್ಳಾಯಿ ಪಾರಸಿ ಮೂಲದ್ದು. ಉಡುಪೂ ಪಶ್ಚಿಮ ಏಷ್ಯಾದ ಕಡೆಯಿಂದ ಬಂದದ್ದು. ಆ ಟೋಪಿಯ ಹೆಸರು ಇಂದಿಗೂ ನಮ್ಮ ಮನೆಗಳಲ್ಲಿ ಬದುಕಿದೆ. ಎಳೆಗೂಸಿನ ತಲೆಗೆ ಹಾಕುವ ಟೊಪ್ಪಿಗೆಯನ್ನು ಕುಲಾವಿ ಎನ್ನುತ್ತೇವೆ. ವಿಜಯನಗರದ ಉಡುಪನ್ನು ಯಾರಾದರೂ ನಿಜವಾಗಿ ನಿತ್ಯ ತೊಡಲು ಹೊರಟರೆ, ಅದನ್ನು ಹೊಲಿಸಲು ಕೂತ ಮೊದಲ ದಿನವೇ ಅವರಿಗೆ ಈ ಸಂಗತಿ ಎದುರಾಗುತ್ತದೆ. ಮೆರವಣಿಗೆಯ ರಥದ ಮೇಲೆ ಪ್ಲಾಸ್ಟಿಕ್ ಕಿರೀಟ ಇಟ್ಟುಕೊಂಡವರಿಗೆ ಎದುರಾಗುವುದಿಲ್ಲ.

ಉಡುಪಿನ ಹಕ್ಕಿನ ಮಾತು ಬೇರೆ. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಪಂಚೆ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡದಿದ್ದಾಗ ತಮಿಳುನಾಡು ಅಂಥ ತಡೆಯನ್ನು ನಿಷೇಧಿಸಿ ಕಾನೂನು ತಂದಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಲೊಂದರ ಬಾಗಿಲಲ್ಲಿ ಮಗನೊಂದಿಗೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಅದು ವಿಧಾನಸಭೆಯವರೆಗೆ ಹೋಯಿತು. ನನಗೂ ಒಮ್ಮೆ ದೊಡ್ಡ ಹೋಟೆಲೊಂದರಲ್ಲಿ ನಡೆದ ವಿಚಾರಗೋಷ್ಠಿಗೆ ಹೋದಾಗ, ಕಾರ್ಯಕ್ರಮ ಕೊಡಲು ಬಂದ ಜಾನಪದ ತಂಡದವಳೆಂದು ತಿಳಿದು ಹಿಂದಿನ ಬಾಗಿಲಿಗೆ ದಾರಿ ತೋರಿಸಿದರು. ಪ್ರಬಂಧ ಓದಲು ಬಂದಿದ್ದೇನೆ ಎಂದ ಮೇಲೆ ಕ್ಷಮೆ ಕೇಳಿದರು. ನನ್ನ ಬೇಸರ ಕ್ಷಮೆಯಿಂದ ಹೋಗಲಿಲ್ಲ, ಏಕೆಂದರೆ ಜಾನಪದ ತಂಡದವರು ಹಿಂದಿನ ಬಾಗಿಲಿನಿಂದಲೇ ಬರಬೇಕೆಂಬುದು ಅಲ್ಲಿ ಹಾಗೆಯೇ ಉಳಿಯಿತು. ಪ್ರಾಧ್ಯಾಪಕಿ ಉಟ್ಟರೆ ಅಭಿರುಚಿ, ಹೊಲದಾಕೆ ಉಟ್ಟರೆ ಹಿಂದುಳಿದವಳು ಎಂಬ ಲೆಕ್ಕ ಇರುವವರೆಗೆ ನನ್ನ ಉಡುಪಿಗೆ ಸಿಗುವ ಮೆಚ್ಚುಗೆಯಲ್ಲಿ ಒಂದು ಅನ್ಯಾಯ ಸೇರಿಕೊಂಡೇ ಇರುತ್ತದೆ.

ಕಳೆದ ಸುಗ್ಗಿಯ ಹೊತ್ತಿನಲ್ಲಿ ಒಂದು ದಿನ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ, ನವಲಗುಂದದ ಕಡೆಯ ಒಬ್ಬ ಮುದುಕಿ, ಎಪ್ಪತ್ತರ ಮೇಲಿನವಳು, ನನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿ, "ಯವ್ವಾ, ಕಚ್ಚಿ ಸಡಲ ಆಗೇತಿ, ಇತ್ತ ತಿರುಗು" ಎಂದಳು. ಅವಳು ಕಾರ್ಯ ಐತೇನು ಎಂದು ಕೇಳಲಿಲ್ಲ. ಎರಡು ಬೆರಳು ಹಾಕಿ ಅಂಚನ್ನು ಮಡಿಸಿ ಒಂದೇ ಸಲ ಬಿಗಿಯಾಗಿ ಸಿಕ್ಕಿಸಿದಳು. ಹತ್ತಿ ಬಿಡಿಸಿ ಬಿಡಿಸಿ ತುದಿ ಒರಟಾದ ಬೆರಳು. ಸೀರೆಯ ಉದ್ದ ಕೇಳಿದಳು. ಹದಿನೆಂಟು ಮೊಳ ಎಂದೆ.

"ನಮಗೆಲ್ಲಿ ಬರಬೇಕವ್ವಾ ಹದಿನೆಂಟು. ಹನ್ನೆಡ್ ಮೊಳದಾಗ ಕಚ್ಚಿ ಹಾಕಿ ಹೊಲಕ್ಕ ಹೊಕ್ಕಿದ್ವಿ. ಸೆರಗಿಗೆ ಕಡಿಮಿ ಬೀಳತಿತ್ತು, ನಡಕ್ಕ ಸಿಗಸತಿದ್ವಿ, ಅಷ್ಟ."

ಹೇಗೆ ಎಂದು ಕೇಳಿದೆ. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ಅವಳು ತನ್ನ ಗಂಟಿನಿಂದ ಒಂದು ಹಳೆಯ ಸೀರೆ ತೆಗೆದು, ನಿಲ್ದಾಣದ ಕಂಬದ ಮರೆಯಲ್ಲಿ ನನ್ನ ಸೀರೆಯ ಮೇಲೇ ಸುತ್ತಿ ತೋರಿಸಿದಳು. ನಿರಿಗೆ ಬರೀ ನಾಲ್ಕು. ಗಂಟು ಮುಂದಲ್ಲ, ಎಡಕ್ಕೆ. ಬಗ್ಗಿ ಕೊಯ್ಯುವಾಗ ಹೊಟ್ಟೆಗೆ ಒತ್ತಬಾರದೆಂದು. ಈಗ ವಾರದಲ್ಲಿ ಎರಡು ದಿನ ನಾನು ಉಡುವುದು ಹಾಗೆ, 12 ಮೊಳದಲ್ಲಿ, ಗಂಟನ್ನು ಎಡಕ್ಕೆ ಹಾಕಿ. ಬಾಲ್ಕನಿಯ ಹಗ್ಗದ ಮೇಲೆ ಆ ಸೀರೆ ಒಂದೇ ಮಡಿಕೆಯಲ್ಲಿ ಮಧ್ಯಾಹ್ನದೊಳಗೆ ಒಣಗುತ್ತದೆ.